ಹನ್ನೆರಡು ತಿಂಗಳ ಮನೆ

ನನ್ನನ್ನು ಆ ಊರಿಗೆ ಕೊಡುವ ಮೊದಲು ಅಪ್ಪ ಮನೆ ನೋಡಲು ಹೋದದ್ದು ಬೇಸಿಗೆಯಲ್ಲಿ. ಇಳಕಲ್ಲಿನಿಂದ ಟೆಂಪೊ ಮಾಡಿಕೊಂಡು ಹೋದವರು ನೇರ ಮನೆಯ ಅಂಗಳದಲ್ಲೇ ಇಳಿದರಂತೆ. ಅಗಲವಾದ ಪಡಸಾಲೆ, ಹಿತ್ತಲಲ್ಲಿ ಎಮ್ಮೆ, ಸುತ್ತಲೂ ಬಟ್ಟಬಯಲಾದ ಕರಿಮಣ್ಣಿನ ಹೊಲ. ತಿರುಗಿ ಬಂದು ಅವ್ವನ ಮುಂದೆ ಅಪ್ಪ ಹೇಳಿದ್ದು ಒಂದೇ ಮಾತು: "ಪಡಸಾಲಿ ಛಲೋ ಐತಿ. ಮಗ್ಗ ಕೂಡ್ತೈತಿ."

ನನಗೂ ಅಷ್ಟೇ ಬೇಕಾಗಿತ್ತು. ಸಾಲಿ ಬಿಟ್ಟ ಮೇಲೆ ನಾನು ಬೆಳೆದದ್ದೇ ಮಗ್ಗದ ಕುಣಿಯಲ್ಲಿ. ನಮ್ಮ ಕಡೆಯ ಕೈಮಗ್ಗಕ್ಕೆ ನೆಲದಲ್ಲಿ ಸೊಂಟದ ಆಳ ಕುಣಿ ತೋಡಬೇಕು. ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ಮಣ್ಣಿನ ತಂಪು ಎಳೆಗಳಿಗೆ ತಾಗುತ್ತಿದ್ದರೆ ನೂಲು ಹರಿಯುವುದಿಲ್ಲ. ಮದುವೆಯಲ್ಲಿ ಬಂಗಾರಕ್ಕಿಂತ ಮೊದಲು ನಾನು ಕೇಳಿದ್ದು ಮಗ್ಗವನ್ನು. ಅಪ್ಪ ಸಾಗವಾನಿಯ ಕಟ್ಟು ಮಾಡಿಸಿ ಕೊಟ್ಟರು. ನನ್ನ ಗಂಡ ತಾನೇ ಪಡಸಾಲೆಯ ಮೂಲೆಯಲ್ಲಿ ಕುಣಿ ತೋಡಿ, ಅಂಚಿಗೆ ಕಲ್ಲು ಕಟ್ಟಿ ಕೂರಿಸಿದ. ಮಾತು ಕಡಿಮೆ ಆಡುವ ಮನುಷ್ಯ. ಕುಣಿ ಮುಗಿದ ದಿನ "ಕಾಲ ಸರಿ ಇಳಿತಾವೇನು ನೋಡು" ಎಂದದ್ದು ಅವನು ನನ್ನ ಜೊತೆ ಆಡಿದ ಮೊದಲ ಉದ್ದದ ಮಾತು.

ಅಪ್ಪ ಟೆಂಪೊದಲ್ಲಿ ದಾಟಿ ಬಂದ ಆ ಹೊಲಗಳು ವರ್ಷದ ಅರ್ಧ ಭಾಗ ಕೃಷ್ಣೆಯ ನೀರಿನ ತಳ ಎಂದು ಆಗ ನಮಗೆ ಯಾರೂ ಹೇಳಲಿಲ್ಲ. ಮುಚ್ಚಿಟ್ಟರು ಅಂತಲ್ಲ. ಆ ಊರಿನವರಿಗೆ ಅದು ಹೇಳಬೇಕಾದ ವಿಷಯವಾಗಿ ಕಾಣುತ್ತಿರಲಿಲ್ಲ, ಅಷ್ಟೆ.

ಮದುವೆಯಾದ ವರ್ಷದ ಮಳೆಗಾಲದಲ್ಲಿ ಒಂದು ಮುಂಜಾನೆ ನೀರು ತರಲು ಹೊರಟವಳು ಊರ ಅಂಚಿನಲ್ಲಿ ನಿಂತುಬಿಟ್ಟೆ. ಹಿಂದಿನ ದಿನ ಎತ್ತಿನ ಬಂಡಿ ಹೋಗಿದ್ದ ದಾರಿಯ ಮೇಲೆ ನೀರು ಹರಡಿತ್ತು. ಸದ್ದಿಲ್ಲ, ಅಲೆಯಿಲ್ಲ. ನೆಲವೇ ಕೆಳಗೆ ಇಳಿದು ನೀರು ಮೇಲೆ ಬಂದ ಹಾಗೆ ಕಾಣಿಸಿತು. ಓಡಿ ಬಂದು ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಬಂತಾ? ಈ ವರ್ಷ ಸ್ವಲ್ಪ ಲಗೂನ ಬಂತು. ಹೋಗು, ನಿನ್ನ ಸೀರಿ ಗಂಟ ಕಟ್ಟಿಕೋ."

"ಎಲ್ಲಿಗಿ ಹೋಗೋದ್ರಿ ಅತ್ತಿ?"

"ನವನಗರಕ್ಕ. ಮತ್ತ ಇಲ್ಲಿದ್ದು ಮೀನ ಹಿಡೀತೀ ಏನು?"

ಆಗಲೇ ನನಗೆ ಆ ಊರಿನ ಕಥೆ ತಿಳಿದದ್ದು. ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಸುತ್ತಲ ಊರುಗಳು ಮುಳುಗಿದವು. ಮುಳುಗಿದವರಿಗೆ ಬಾಗಲಕೋಟೆಯ ನವನಗರದಲ್ಲಿಯೋ, ಬೇರೆ ಪುನರ್ವಸತಿ ಊರುಗಳಲ್ಲಿಯೋ ಜಾಗ ಸಿಕ್ಕಿತು. ನಮ್ಮದು ದಿಬ್ಬದ ಮೇಲಿನ ಸಣ್ಣ ಊರು, ಮುಳುಗಲಿಲ್ಲ. ದಾರಿ ಮುಳುಗಿತು, ಹೊಲ ಮುಳುಗಿತು, ಕರೆಂಟಿನ ಕಂಬ ಮುಳುಗಿದವು. ಆದರೆ ಲೆಕ್ಕಕ್ಕೆ ಬರುವುದು ಮನೆ. ಮನೆ ಮುಳುಗದವರಿಗೆ ಬೇರೆ ಮನೆ ಯಾಕೆ ಎಂದು ಅಧಿಕಾರಿಗಳು ಕೇಳಿ ಕಳಿಸಿದರು. ಹೀಗಾಗಿ ಮಳೆಗಾಲದಿಂದ ಚಳಿಗಾಲ ಕಳೆಯುವವರೆಗೆ ಊರು ನಡುಗಡ್ಡೆಯಾಗುತ್ತಿತ್ತು. ದನ ನೋಡಿಕೊಳ್ಳಲು ಗಂಡಸರು ಅಲ್ಲೇ ಇದ್ದು, ಆಗಾಗ ದೋಣಿಯಲ್ಲಿ ಬಂದು ಹೋಗುತ್ತಿದ್ದರು. ಹೆಂಗಸರು, ಮಕ್ಕಳು, ಕಾಯಿಲೆಯವರು ದೋಣಿ ಹತ್ತಿ ದಂಡೆಗೆ ಬಂದು, ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿ ನವನಗರದ ಓಣಿಗಳಲ್ಲಿ ಬಾಡಿಗೆ ಖೋಲಿ ಹುಡುಕುತ್ತಿದ್ದರು. ನೀರು ಇಳಿದರೆ ಮತ್ತೆ ಊರು.

ಆ ಖೋಲಿಗಳ ನೆನಪು ನನಗೆ ಒಂದರೊಳಗೊಂದು ಕಲೆತುಹೋಗಿದೆ. ಒಂದು ಕಡೆ ಮಾಲಕರ ಹೆಂಡತಿ ನಾವು ತುಂಬುವ ಕೊಡಗಳನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಇನ್ನೊಂದು ಕಡೆ ಮೆಟ್ಟಿಲ ಕೆಳಗಿನ ಜಾಗವನ್ನೇ ಖೋಲಿ ಎಂದು ಕೊಟ್ಟಿದ್ದರು. ಅಲ್ಲಿ ಅತ್ತೆ ಎದ್ದು ನಿಲ್ಲುವಾಗಲೆಲ್ಲ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದರು. ಆ ತಿಂಗಳುಗಳಲ್ಲಿ ನಮ್ಮಂಥವರು ಬಂದೇ ಬರುತ್ತಾರೆಂದು ಗೊತ್ತಿದ್ದರಿಂದ ಬಾಡಿಗೆಯೂ ಆಗಲೇ ಏರುತ್ತಿತ್ತು. ಊರಲ್ಲಿ ಒಂದೇ ಕಟ್ಟೆಯ ಮೇಲೆ ಕೂರುವ ಹೆಂಗಸರು ಇಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕು. ಸಂತೆಯಲ್ಲಿ ಸಿಕ್ಕರೆ ದೂರದ ಬೀಗರನ್ನು ಕಂಡವರ ಹಾಗೆ ನಿಂತು ಮಾತಾಡುತ್ತಿದ್ದೆವು.

ಮಗ್ಗದ ಮಾತಂತೂ ಎತ್ತುವ ಹಾಗೆಯೇ ಇರಲಿಲ್ಲ. ಮೊದಲ ವರ್ಷ ಒಬ್ಬ ಮಾಲಕರನ್ನು ಕೇಳಿದ್ದೆ. ಅವರು ನಕ್ಕರು.

"ನೆಲದ ಫರಸಿಗಲ್ಲ ಕಿತ್ತು ಕುಣಿ ತೋಡ್ತೀನಿ ಅಂತೀಯಲ್ಲವ್ವಾ, ನಾಳೆ ಬಾವಿ ತೋಡ್ತೀನಿ ಅಂದ್ರ ನಾ ಏನ್ ಮಾಡ್ಲಿ?"

ಹೀಗೆ ನಾನು ಬೇಸಿಗೆಯಲ್ಲಿ ಮಾತ್ರ ನೇಕಾರಳಾದೆ. ಸೀರೆಗೆ ಬೇಡಿಕೆ ಬರುವುದು ದಸರೆ, ದೀಪಾವಳಿಗೆ. ಆಗ ನನ್ನ ಮಗ್ಗ ನಡುಗಡ್ಡೆಯ ಪಡಸಾಲೆಯಲ್ಲಿ ಗೋಣಿತಟ್ಟು ಹೊದ್ದು ಕೂತಿರುತ್ತಿತ್ತು. ಹಾಸಿನ ಎಳೆಗಳನ್ನು ಮಗ್ಗಕ್ಕೆ ಹೂಡಿಟ್ಟು ಬಂದರೆ ಇಲಿ ಕಡಿಯುತ್ತಿತ್ತು. ಮಗಳು ಹುಟ್ಟಿ ಸಾಲಿಗೆ ಹೋಗುವಂತಾದ ಮೇಲೆ ಅವಳದೂ ಇದೇ ಕಥೆ. ನೀರು ಇಳಿದಾಗ ಊರಿನ ಸಾಲಿ, ಮಳೆಗಾಲದಲ್ಲಿ ಇನ್ನೊಂದು. ಎರಡೂ ಕಡೆ ಅವಳು ಹೊಸಬಳು. ಒಮ್ಮೆ ಕೇಳಿದ್ದಳು: "ಯವ್ವಾ, ನಮ್ಮ ಮನಿ ಯಾವ್ದು ಅಂತ ಸಾಲ್ಯಾಗ ಅಕ್ಕೋರು ಕೇಳಿದ್ರ ಈಗಿಂದು ಹೇಳ್ಬೇಕೋ, ಆಗಿಂದೋ?"

ಅತ್ತೆಗೆ ಮಾತ್ರ ಇದರ ಬಗ್ಗೆ ಯಾವ ದೂರೂ ಇರಲಿಲ್ಲ. ದೋಣಿಯಲ್ಲಿ ಕೂತಾಗ ದಿಬ್ಬದ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ತಿರುಗಿ ಹೋಗುವಾಗ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ಒಕ್ಕಲುತನವನ್ನು ಒಬ್ಬರೇ ನಡೆಸಿದ ಹೆಂಗಸು. ಬಾಡಿಗೆ ಮನೆ ಅವರಿಗೆ ಮಳೆ ಬಂದಾಗ ನಿಲ್ಲುವ ಗಿಡದ ನೆರಳಿನಂತೆ. ಅದರ ಅಂದಚೆಂದ ಅವರು ಎಂದೂ ನೋಡಿದವರಲ್ಲ.

ಎಲ್ಲ ಬದಲಾದದ್ದು ಮಗಳು ಮೂರನೇ ಇಯತ್ತೆಯಲ್ಲಿದ್ದಾಗ. ಆ ವರ್ಷ ನಾವು ಹಿಂದಿನ ವರ್ಷದ ಖೋಲಿಗೇ ಬರುತ್ತೇವೆಂದು ಹೇಳಿ ಇಟ್ಟಿದ್ದೆವು. ಸಾಮಾನು ಹೇರಿದ ಟ್ರ್ಯಾಕ್ಟರು ಬಾಗಿಲ ಮುಂದೆ ನಿಂತಾಗ ಒಳಗಿನಿಂದ ಓದುವ ಹುಡುಗರ ದನಿ ಕೇಳಿಸಿತು. ಮಾಲಕರು ಹೊರಗೆ ಬಂದರು. ಕೆಟ್ಟ ಮನುಷ್ಯರಲ್ಲ. ಮುಖ ಸಪ್ಪಗೆ ಮಾಡಿಕೊಂಡೇ ಹೇಳಿದರು.

"ಕೋಚಿಂಗಿಗಿ ಬಂದ ಹುಡುಗ್ರು. ಹನ್ನೆರಡು ತಿಂಗಳಾ ಇರ್ತೀವಿ ಅಂದ್ರು. ನೀವು ಅರ್ಧ ವರ್ಷ ಇದ್ದು ಹೋಗಾವ್ರು, ಉಳಿದ ಅರ್ಧ ವರ್ಷ ನನ್ನ ಖೋಲಿ ಖಾಲಿ ಬೀಳ್ತೈತಿ. ನೀವ ಹೇಳ್ರಿ, ನಾ ಏನ್ ಮಾಡ್ಲಿ?"

ನನ್ನ ಗಂಡ ಸಾಮಾನಿನ ಹಗ್ಗ ಮತ್ತೆ ಬಿಗಿದ. ಅತ್ತೆ "ಆತು ಬಿಡಪ್ಪಾ" ಎಂದು ಮತ್ತೆ ಟ್ರ್ಯಾಕ್ಟರು ಹತ್ತಿದರು. ಮಧ್ಯಾಹ್ನ ಕಳೆಯುವವರೆಗೆ ಓಣಿ ಓಣಿ ಸುತ್ತಿದೆವು. ಎಲ್ಲೂ ಖೋಲಿ ಇಲ್ಲ, ಇದ್ದಲ್ಲಿ ನಮ್ಮ ಕೈಗೆ ಎಟುಕುವಂತಿಲ್ಲ. ಆಗ ಮಳೆ ಹಿಡಿಯಿತು. ಜೋಳದ ಚೀಲ ತೋಯುತ್ತವೆ, ಹಾಸಿಗೆ ತೋಯುತ್ತವೆ. ಟ್ರ್ಯಾಕ್ಟರಿನವನು ತಾನು ವಾಪಸ್ಸು ಹೋಗಬೇಕು ಎಂದು ಅವಸರ ಮಾಡತೊಡಗಿದ.

"ಹಳೇ ಕ್ವಾಟರ್ಸ್ ಅದಾವಲ್ಲ" ಎಂದ ನನ್ನ ಗಂಡ. "ಅಲ್ಲಿ ಪಡಸಾಲ್ಯಾಗ ಇಳಸೂನು. ಮಳಿ ನಿಲ್ಲೂತನಕ."

ನವನಗರದ ಹೊರಗೆ, ಆಣೆಕಟ್ಟಿನ ಕೆಲಸ ನಡೆದ ಕಾಲದಲ್ಲಿ ಇಂಜಿನಿಯರುಗಳಿಗೂ ಸಿಬ್ಬಂದಿಗೂ ಅಂತ ಕಟ್ಟಿದ ಮನೆಗಳ ಸಾಲು ಅದು. ಕೆಲಸ ಮುಗಿದು, ಜನ ವರ್ಗವಾಗಿ ಹೋಗಿ ಎಷ್ಟೋ ವರ್ಷವಾಗಿತ್ತು. ಬಾಗಿಲಿಗೆಲ್ಲ ಬೀಗ, ಅಂಗಳದ ತುಂಬ ಜಾಲಿ. ಹಿಂದೆ ಎಷ್ಟೋ ಸಲ ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗಿದ್ದೆ. ಮನೆ ಅಂತ ಅನ್ನಿಸಿಯೇ ಇರಲಿಲ್ಲ, ಅಷ್ಟು ಮುಳ್ಳು ಬೆಳೆದಿತ್ತು.

ಮೊದಲ ಮನೆಯ ಪಡಸಾಲೆಯಲ್ಲಿ ಸಾಮಾನು ಇಳಿಸಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಗೋಣಿಚೀಲ ಕೊಪ್ಪೆ ಹಾಕಿಕೊಂಡು ಕಾವಲುಗಾರ ಬಂದ. ವಯಸ್ಸಾದವನು, ಕೈಯಲ್ಲಿ ಬಡಿಗೆ.

"ಯಾರನ್ನ ಕೇಳಿ ಇಳಿಸೀರಿ?"

"ಯಾರನ್ನೂ ಕೇಳಿಲ್ಲಪ್ಪಾ" ಎಂದರು ಅತ್ತೆ. "ಮಳಿ ನಿಂತ ಮ್ಯಾಲ ಹೋಗ್ತೀವಿ."

"ಎಲ್ಲಿಗಿ ಹೋಗ್ತೀರಿ?"

"ಅದು ಗೊತ್ತಿದ್ರ ಇಲ್ಲಿ ಯಾಕ ಕುಂದ್ರತಿದ್ವಿ?"

ಅವನು ಒಬ್ಬೊಬ್ಬರನ್ನೂ ನೋಡಿದ. ಮಗಳ ಕೂದಲಿನಿಂದ ನೀರು ಸೋರುತ್ತಿತ್ತು. "ಬೀಗ ತಗ್ಯಾಕ ನನಗ ಅಧಿಕಾರ ಇಲ್ಲ" ಎಂದ. ಬಡಿಗೆ ಹೆಗಲಿಗೆ ಹಾಕಿಕೊಂಡು, "ಪಡಸಾಲಿಗಿ ಬೀಗ ಇಲ್ಲ" ಎಂದು ಹೇಳಿ ಹೋದ. ಆಮೇಲೆ ಒಣ ಕಟ್ಟಿಗೆಯ ಹೊರೆ ತಂದು ಹಾಕಿದ. ಅಂದಿನಿಂದ ನನ್ನ ಮಗಳು ಅವನನ್ನು ಅಜ್ಜನನ್ನು ಕರೆಯುವ ಹಾಗೆ ಮುತ್ಯಾ ಎಂದು ಕರೆಯತೊಡಗಿದಳು.

ಮಳೆ ನಿಂತಿತು. ನಾವು ಹೋಗಲಿಲ್ಲ. ಹೋಗಲು ಜಾಗವಿರಲಿಲ್ಲ. ದಿನಾ ಖೋಲಿ ಹುಡುಕುವುದು, ಸಂಜೆ ಮತ್ತೆ ಆ ಪಡಸಾಲೆಗೆ ಬರುವುದು. ನಮ್ಮ ಸುದ್ದಿ ಕೇಳಿ ಖೋಲಿ ಸಿಗದ ಊರಿನವರು ಇನ್ನಷ್ಟು ಮಂದಿ ಬಂದು ಉಳಿದ ಪಡಸಾಲೆಗಳಲ್ಲಿ ಇಳಿದರು. ಹೆಂಗಸರೆಲ್ಲ ಸೇರಿದ ಮೇಲೆ ಕೈ ಸುಮ್ಮನೆ ಕೂರಲಿಲ್ಲ. ಜಾಲಿ ಕಡಿದೆವು. ಮಣ್ಣು ತುಂಬಿದ್ದ ನೀರಿನ ತೊಟ್ಟಿ ಬಳಿದೆವು. ಹಾವು ಕಂಡರೆ ಮುತ್ಯಾ ಬಡಿಗೆ ಹಿಡಿದು ಬರುತ್ತಿದ್ದ, ಆದರೆ ಹೊಡೆಯುತ್ತಿರಲಿಲ್ಲ. ನೆಲಕ್ಕೆ ಕುಟ್ಟಿ ಕುಟ್ಟಿ ಹೊಲದ ಕಡೆ ಅಟ್ಟುತ್ತಿದ್ದ. "ನಿಮಗಿಂತ ಮೊದಲ ಬಂದಾವು" ಎನ್ನುತ್ತಿದ್ದ.

ಆದರೂ ನನ್ನ ಎದೆಯಲ್ಲಿ ಅಳುಕು ಇದ್ದೇ ಇತ್ತು. ಯಾರದೋ ಅಂಗಳ ಗುಡಿಸುತ್ತಿದ್ದೇನೆ, ಯಾರೋ ಬಂದು ಎಬ್ಬಿಸುತ್ತಾರೆ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಕಸಬರಿಗೆ ಕೈಯಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಜೀಪು ನಿಜವಾಗಿಯೂ ಬಂತು. ಇಳಿದವರು ಒಬ್ಬ ಮೇಡಂ, ಹರೆಯದವರು, ಇಲಾಖೆಯ ಇಂಜಿನಿಯರು. ಬಡಿಗೆ ಬದಿಗಿಟ್ಟು ಮುತ್ಯಾ ಕೈಕಟ್ಟಿ ನಿಂತ. ಮೇಡಂ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಬಂದರು. ಬೀಗಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದೂ ಒಡೆದಿರಲಿಲ್ಲ.

"ಇವ್ರನ್ನ ಒಳಗ ಬಿಟ್ಟಾವ್ರು ಯಾರು?" ಎಂದು ಮುತ್ಯಾನನ್ನು ಕೇಳಿದರು.

"ನಾನ ಬಿಟ್ಟೀನ್ರಿ ಬಾಯಾರ" ಎಂದ ಅವನು. "ಒಳಗ ಬಿಟ್ಟಿಲ್ಲ. ಹೊರಗ ಬಿಟ್ಟೀನಿ."

ಮೇಡಂ ನಗಲಿಲ್ಲ. ನಮ್ಮ ಕಡೆ ತಿರುಗಿ ಯಾವ ಊರು, ಯಾಕೆ ಬಂದಿರಿ ಎಂದು ಕೇಳಿದರು. ನಾನು ಹೇಳಿದೆ. ದಿಬ್ಬ ಮುಳುಗಿಲ್ಲ, ದಾರಿ ಮುಳುಗಿದೆ ಎಂದಾಗ ಅವರು ತಲೆಯಾಡಿಸಿದರು. ಅವರಿಗೆ ಆ ನಕ್ಷೆ ಗೊತ್ತಿತ್ತು. "ಅಲ್ಲಿ ಜನ ಇನ್ನೂ ಅದಾರೇನು?" ಎಂದು ತಮಗೆ ತಾವೇ ಎಂಬಂತೆ ಕೇಳಿದರು.

"ಅದೀವ್ರಿ" ಎಂದರು ಅತ್ತೆ.

"ನೋಡ್ರಿ, ಇರ್ರಿ ಅನ್ನಾಕ ನನಗ ಬರಂಗಿಲ್ಲ. ಹೋಗ್ರಿ ಅಂತ ಇವತ್ತ ಹೇಳಂಗಿಲ್ಲ. ನಾ ಮ್ಯಾಲಿನವ್ರನ್ನ ಕೇಳ್ತೀನಿ. ಅಲ್ಲೀತನಕ ಒಂದು ಬೀಗಾನೂ ಮುಟ್ಟಬ್ಯಾಡ್ರಿ."

ಅವರು ಕೊಟ್ಟ ಮಾತು ಉಳಿಸಿಕೊಂಡರು. ಕೆಲವು ದಿನಗಳ ಮೇಲೆ ತಾವೇ ಬಂದು, ನೀರು ಇಳಿಯುವವರೆಗೆ ಅಂತ ಹೇಳಿ ನಾವು ಇಳಿದಿದ್ದ ಮನೆಗಳ ಬೀಗ ತೆಗೆಸಿದರು. ತುಕ್ಕು ಹಿಡಿದ ಬೀಗಕ್ಕೆ ಮುತ್ಯಾ ಎಣ್ಣೆ ಬಿಟ್ಟು ಬಿಟ್ಟು ಬೆವತುಹೋದ. ಒಳಗೆ ಬಾವಲಿಯ ವಾಸನೆ. ಆದರೆ ಮೇಲೆ ಗಟ್ಟಿ ಸ್ಲ್ಯಾಬು, ಕಾಲ ಕೆಳಗೆ ಫರಸಿ, ದೊಡ್ಡದೊಂದು ನಡುಮನೆ, ಎರಡು ಖೋಲಿ, ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ. ಅತ್ತೆ ಆ ಕಟ್ಟೆಯನ್ನು ಕೈಯಿಂದ ತಟ್ಟಿ ನೋಡಿ, ಕೆಳಗೆ ಕೂತೇ ರೊಟ್ಟಿ ಬಡಿದರು.

ಚಳಿಗಾಲ ಮುಗಿಯುತ್ತ ಬಂತು. ನೀರು ಇಳಿಯತೊಡಗಿತು. ಆಗ ಬೇರೆ ಸುದ್ದಿ ಬಂತು. ಯಾರೋ ಇಬ್ಬರು ಟೇಪು ಹಿಡಿದು ಗೋಡೆ ಅಳೆದು ಹೋದರು. ಕಟ್ಟಡ ಹಳೆಯದು, ಅಪಾಯ, ಕೆಡವುತ್ತಾರಂತೆ ಎಂದು ಮುತ್ಯಾ ಹೇಳಿದ. ಅವನ ಕೆಲಸವೂ ಅದರ ಜೊತೆ ಹೋಗುವುದಿತ್ತು.

"ಹೆಂಗೂ ಊರಿಗಿ ಹೋಗೋದ ಐತಿ" ಎಂದ ನನ್ನ ಗಂಡ. "ಬರೂ ವರ್ಷದ್ದು ಬರೂ ವರ್ಷ ನೋಡೂನು."

ಪ್ರತಿ ವರ್ಷವೂ ನಾವು ಹೀಗೇ ಅಂದುಕೊಂಡು ದೋಣಿ ಹತ್ತಿದ್ದೆವು. ಈ ಸಲ ನನಗೆ ಆಗಲಿಲ್ಲ.

"ನೀವು ಹೋಗ್ರಿ" ಎಂದೆ. "ನಾ ಇಂಜಿನಿಯರ ಬಾಯಾರನ್ನ ಕೇಳಿ ಬರ್ತೀನಿ."

ಮಾತು ಹೊರಗೆ ಬಿದ್ದ ಮೇಲೆ ನನಗೇ ಅಂಜಿಕೆಯಾಯಿತು. ಆದರೆ ಪಕ್ಕದ ಮನೆಯ ಹೆಂಗಸು "ನಾನೂ ಬರ್ತೀನಿ" ಎಂದಳು, ಅವಳ ಹಿಂದೆ ಇನ್ನೊಬ್ಬಳು. ಮಾರನೆಯ ದಿನ ಎಲ್ಲರೂ ಒಂದೇ ಬಸ್ಸಿನಲ್ಲಿ ನವನಗರದೊಳಗಿನ ಇಲಾಖೆಯ ಕಚೇರಿಗೆ ಹೋದೆವು. ಅತ್ತೆ ಯಾರೂ ಕರೆಯದೆಯೇ ಸೀರೆ ಬದಲಿಸಿ ಎಲ್ಲರಿಗಿಂತ ಮುಂದೆ ನಿಂತಿದ್ದರು.

ಮೇಡಂ ನಮ್ಮನ್ನು ದೊಡ್ಡ ಸಾಹೇಬರ ಕೋಣೆಗೆ ಕರೆದುಕೊಂಡು ಹೋದರು. ಅವರು ಸೌಮ್ಯ ಮನುಷ್ಯ, ಕೂರಲು ಹೇಳಿದರು. ಕುರ್ಚಿ ಸಾಲದೆ ಅರ್ಧ ಜನ ನಿಂತೇ ಇದ್ದೆವು. ಮನೆಗಳನ್ನು ತಪಾಸಣೆ ಮಾಡಿಸಿದ್ದೇನೆ, ಗೋಡೆ, ಸ್ಲ್ಯಾಬು ಗಟ್ಟಿ ಇವೆ, ಬಾಗಿಲು, ಕಿಟಕಿ, ನಳ ಮಾತ್ರ ಕೆಟ್ಟಿವೆ ಎಂದು ಮೇಡಂ ಹೇಳಿದರು. ಕೆಡವುವ ಬದಲು ಕಡಿಮೆ ಬಾಡಿಗೆಗೆ ಈ ಜನರಿಗೇ ಕೊಡಬಹುದು ಎಂದರು. ಸಾಹೇಬರು ಕನ್ನಡಕ ತೆಗೆದು ನಮ್ಮ ಕಡೆ ನೋಡಿದರು.

"ಕೊಡಬಹುದವ್ವಾ. ಆದ್ರ ನನಗ ಒಂದು ತೊಡಕೈತಿ. ನೀವು ಅರ್ಧ ವರ್ಷ ಇರ್ತೀರಿ, ಅರ್ಧ ವರ್ಷ ಕೀಲಿ ಹಾಕಿ ಹೋಗ್ತೀರಿ. ಖಾಲಿ ಮನಿ ಮತ್ತ ಹಾಳು ಬೀಳ್ತಾವು. ವರ್ಷಪೂರ್ತಿ ಇರಾವ್ರಿಗೆ ಮಾತ್ರ ಕೊಡ್ತೀನಿ. ಒಲಿ ಹನ್ನೆರಡೂ ತಿಂಗಳು ಹತ್ತಬೇಕು. ಆಗ್ತೈತೇನು?"

ಎಲ್ಲರೂ ಅತ್ತೆಯ ಮುಖ ನೋಡಿದರು. ನಮ್ಮಲ್ಲಿ ಹಿರಿಯರು ಅವರೇ. ಅವರು ಹೂಂ ಎಂದರೆ ಊರಿಗೆ ಊರೇ ಹೂಂ ಎಂದ ಹಾಗೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ವಿಚಾರ ಮಾಡಿ ಹೇಳ್ರಿ" ಎಂದರು ಸಾಹೇಬರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತರು. ಪಕ್ಕದಲ್ಲಿ ನಾನು. ನನಗೆ ಹೂಂ ಎನ್ನುವುದು ಸುಲಭ. ಆ ದಿಬ್ಬಕ್ಕೆ ನಾನು ಬಂದದ್ದು ಇತ್ತೀಚೆಗೆ. ಅವರು ಮದುವೆಯಾಗಿ ಬಂದಾಗ ಅಲ್ಲಿ ಹಿನ್ನೀರು ಇರಲಿಲ್ಲ, ಹೊಳೆ ಎಲ್ಲೋ ದೂರದಲ್ಲಿ ಹರಿಯುತ್ತಿತ್ತು. ಸುತ್ತಲ ಊರಿನವರೆಲ್ಲ ಎದ್ದು ಹೋದಾಗಲೂ ಅವರು ಏಳಲಿಲ್ಲ. ಈಗ ನನ್ನ ಮಗ್ಗಕ್ಕಾಗಿ, ಮೊಮ್ಮಗಳ ಸಾಲಿಗಾಗಿ ಏಳಿ ಎಂದು ನಾನು ಹೇಗೆ ಹೇಳಲಿ? ಹೇಳಲಿಲ್ಲ.

ಎರಡು ದಿನ ಬಿಟ್ಟು ಅತ್ತೆ ಮಗನ ಜೊತೆ ದಿಬ್ಬಕ್ಕೆ ಹೋದರು. ದಾರಿ ಆಗ ತಾನೇ ತೆರೆದಿತ್ತು, ಕೆಸರು ಇನ್ನೂ ಆರಿರಲಿಲ್ಲ. ಸಂಜೆಯ ಹೊತ್ತಿಗೆ ಬಂಡಿ ಕ್ವಾರ್ಟರ್ಸಿನ ಅಂಗಳಕ್ಕೆ ಬಂತು. ಒಳಗೆ ಹುಲ್ಲಿನ ಮೇಲೆ ಬೀಸುಕಲ್ಲು ಇತ್ತು. ಅತ್ತೆಯ ಅತ್ತೆ ಬೀಸಿದ ಕಲ್ಲು ಅದು. ಎಷ್ಟೋ ಸಲ ಊರು ಬಿಟ್ಟರೂ ಅದನ್ನು ಒಮ್ಮೆಯೂ ಜೊತೆಗೆ ತಂದವರಲ್ಲ. ಭಾರ ಎನ್ನುತ್ತಿದ್ದರು. ಭಾರಕ್ಕಲ್ಲ ಎಂದು ನನಗೆ ಗೊತ್ತಿತ್ತು.

ಗಂಡ ಮತ್ತು ಮುತ್ಯಾ ಸೇರಿ ಅದನ್ನು ಇಳಿಸಿದರು. ಎಲ್ಲಿ ಇಡಲಿ ಎಂದು ಗಂಡ ಕೇಳಿದ.

"ಅಡಗಿಮನ್ಯಾಗ ಇಡು. ಬಾಗಲಾ ಬಿಟ್ಟು ಆಚಿ ಕಡೆ. ಮಂದಿ ಎಡವತಾರ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. "ಹೊಲಾ ಎಲ್ಲೂ ಹೋಗಂಗಿಲ್ಲ. ಬ್ಯಾಸಗ್ಯಾಗ ಮುಂಜಾನಿ ಹೋಗಿ ಸಂಜೀಕ ಬರ್ತೀವಿ. ದನಾ ಅಲ್ಲಿ ಇರ್ಲಿ. ನಿಮ್ಮ ಸಾಹೇಬ್ರಿಗಿ ಹೂಂ ಅಂತ ಹೇಳು."

ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹಾಲು ಉಕ್ಕುವವರೆಗೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಎಷ್ಟೋ ವರ್ಷಗಳಿಂದ ಬಿಗಿ ಹಿಡಿದಿದ್ದ ಹೆಗಲು ಆಗ ಕೆಳಗೆ ಇಳಿದದ್ದು ನನಗೆ ತಿಳಿಯಿತು.

ಮನೆಗಳು ನಮಗೆ ಸಿಕ್ಕವು. ಬಾಡಿಗೆ ಕಡಿಮೆ, ಮಳೆಗಾಲಕ್ಕೊಂದು ಬೇಸಿಗೆಗೊಂದು ಅಂತಿಲ್ಲ, ವರ್ಷವಿಡೀ ಒಂದೇ. ರಿಪೇರಿ ನಮ್ಮದೇ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಹಿಂದೆ ಒಗೆದ ತುಂಡು ಕಲ್ಲುಗಳನ್ನು ತವರಿನಲ್ಲಿರುವ ನಮ್ಮ ಅಣ್ಣ ಒಂದು ಗಾಡಿ ಕಳಿಸಿಕೊಟ್ಟ. ಕಪ್ಪು, ಕೆಂಪು, ಬೂದು ತುಂಡುಗಳನ್ನು ಸೇರಿಸಿ ಒಡೆದುಹೋದ ಬಚ್ಚಲುಗಳ ನೆಲ ಮಾಡಿಕೊಂಡೆವು. ಇಡೀ ಸಾಲಿನಲ್ಲಿ ಒಂದು ಬಚ್ಚಲಿನ ಹಾಗೆ ಇನ್ನೊಂದಿಲ್ಲ. ಮುತ್ಯಾನ ಕೆಲಸ ಉಳಿಯಿತು. ಈಗ ಕಾಯಲು ಜನರಿದ್ದಾರೆ ಎಂದು ಅವನು ಮೀಸೆ ತಿರುವಿದ.

ಮಗ್ಗದ ಕುಣಿಗೆ ಮೇಡಂ ಅವರನ್ನೇ ಕೇಳಿದೆ. ಮೊದಲ ವರ್ಷ ಮಾಲಕರು ನಕ್ಕದ್ದು ಇನ್ನೂ ನೆನಪಿತ್ತು. ಅವರು ಗೋಡೆಯಿಂದ ಅಳತೆ ಹಾಕಿ, ಪಾಯದ ಹತ್ತಿರ ಬೇಡ, ನಡುವೆ ತೋಡಿ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. "ಬಿಟ್ಟು ಹೋಗುವಾಗ ಮುಚ್ಚಿ ಕೊಡಬೇಕು ನೋಡ್ರಿ" ಎಂದರು. ಅವರು ಎಳೆದದ್ದು ನಡುಮನೆಯಲ್ಲಿ, ಒಂದು ಕಾಲಕ್ಕೆ ಯಾವುದೋ ಇಂಜಿನಿಯರ ಸಾಹೇಬರು ಕುರ್ಚಿ ಹಾಕಿ ಪೇಪರು ಓದುತ್ತಿದ್ದಿರಬಹುದಾದ ಜಾಗದಲ್ಲಿ. ನನ್ನ ಗಂಡ ಫರಸಿ ಎಬ್ಬಿಸಿದ. ಕೆಳಗೆ ಕೆಂಪು ಗರಸು, ಅದರ ಕೆಳಗೆ ನಮ್ಮ ಹೊಲದಲ್ಲಿರುವಂಥದ್ದೇ ಕರಿಮಣ್ಣು. ದಿಬ್ಬದಿಂದ ಮಗ್ಗ ಬಂತು. ಕಟ್ಟಿನ ಒಂದು ಕಾಲನ್ನು ಗೆದ್ದಲು ತಿಂದಿತ್ತು, ಬಡಿಗೇರ ಅದನ್ನು ಬದಲಿಸಿದ.

ಆ ವರ್ಷ ಮಳೆಗಾಲದಲ್ಲಿ ನೀರು ಬಂದ ಸುದ್ದಿ ನನಗೆ ಗೊತ್ತಾದದ್ದು ಫೋನಿನಲ್ಲಿ. ಗಂಡ ದಿಬ್ಬದಿಂದ ಮಾಡಿದ್ದ. "ದಾರಿ ಮುಚ್ಚೇತಿ. ನಾಳೆ ದೋಣ್ಯಾಗ ಬರ್ತೀನಿ. ಏನಾರ ತರೋದು ಐತೇನು?" ನಾನು ಲಾಳಿ ಕೈಯಲ್ಲೇ ಹಿಡಿದು ಯೋಚಿಸಿದೆ. ಏನೂ ತರುವುದಿರಲಿಲ್ಲ. ಬೇಕಾದದ್ದೆಲ್ಲ ಇಲ್ಲೇ ಇತ್ತು. "ಬದನಿಕಾಯಿ ಇದ್ರ ತರ್ರಿ" ಎಂದೆ. ಫೋನು ಇಟ್ಟು ಮತ್ತೆ ನೇಯತೊಡಗಿದಾಗ ಹೊರಗೆ ಮಳೆ ಜೋರಾಯಿತು. ಮಳೆಯ ಸದ್ದಿನಲ್ಲಿ ನನ್ನದೇ ಮಗ್ಗದ ಸದ್ದು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆ ದೀಪಾವಳಿಗೆ ನನ್ನ ಸೀರೆಗಳು ಇಳಕಲ್ಲಿನ ಪೇಟೆಗೆ ಹೊತ್ತಿಗೆ ಸರಿಯಾಗಿ ಹೋದವು.

ಮಗಳು ಒಂದೇ ಸಾಲಿಯಲ್ಲಿ ವರ್ಷ ಮುಗಿಸಿದಳು. ಜಗಳ ಆಡಿದ ಗೆಳತಿಯ ಜೊತೆ ಮತ್ತೆ ರಾಜಿಯಾಗುವಷ್ಟು ದಿನ ಒಂದೇ ಕಡೆ ಇದ್ದದ್ದು ಅವಳಿಗೆ ಹೊಸತು. ದಿನಾ ಅದರದೇ ವರದಿ. ಅತ್ತೆ ಬೇಸಿಗೆಯಲ್ಲಿ ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೊರಟರೆ ಸಂಜೆ ಬಂದು ಕಾಲು ತೊಳೆದು ಕಟ್ಟೆಯ ಮೇಲೆ ಕೂರುತ್ತಾರೆ. ಆ ಕಡೆ ನೆನಪಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಆಗ್ತೈತಿ. ಆದ್ರ ಗಂಟ ಕಟ್ಟೋದು ನೆನಪಾಗಂಗಿಲ್ಲ" ಎಂದರು.

ಹೋದ ವರ್ಷ ಮೇಡಂ ಅವರಿಗೆ ಹುನಗುಂದಕ್ಕೆ ವರ್ಗವಾಯಿತು. ಹೋಗುವ ಮೊದಲು ಹೇಳಿ ಹೋಗಲು ಬಂದರು. ಊಟ ಮಾಡದೆ ಬಿಡುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು. ನಡುಮನೆಯಲ್ಲಿ ಮಗ್ಗದ ಪಕ್ಕದಲ್ಲೇ ಚಾಪೆ ಹಾಕಿ ಕೂರಿಸಿದೆವು. ನೀವು ಇಷ್ಟು ಬೆನ್ನು ಹತ್ತಿ ನಮಗಾಗಿ ಯಾಕೆ ಓಡಾಡಿದಿರಿ ಎಂದು ನಾನು ಕೇಳಿದೆ. ಬಹಳ ದಿನಗಳಿಂದ ಕೇಳಬೇಕೆಂದಿದ್ದೆ.

ಅವರು ರೊಟ್ಟಿ ಮುರಿಯುತ್ತ ಹೇಳಿದರು. "ನಮ್ಮ ಅಪ್ಪ ಬಾದಾಮ್ಯಾಗ ಸಾಲಿ ಮಾಸ್ತರ್ರು. ಬಾಡಗಿ ಮನಿ. ಚಳಿಗಾಲಕ್ಕ ಪ್ರವಾಸಿಗರು ಬರಾಕ ಹತ್ತಿದ್ರ ಮಾಲಕರು ಮುಂದಿನ ಖೋಲಿ ಬಿಡಿಸಿ ಅವ್ರಿಗಿ ಕೊಡ್ತಿದ್ರು. ನಾವೆಲ್ಲಾ ಹಿಂದ ಒಂದ ಖೋಲ್ಯಾಗ. ಪುಸ್ತಕಾ ಇಟ್ಟ ಟ್ರಂಕು ಬಚ್ಚಲದಾಗ ಇರ್ತಿತ್ತು. ಪರೀಕ್ಷಾ ಬಂದಾಗ ಅದು ತಗಿಬೇಕಂದ್ರ ಒಬ್ಬರು ಜಳಕಾ ಮುಗಿಸೂತನಕ ಕಾಯಬೇಕಿತ್ತು." ನಕ್ಕರು. "ಅವತ್ತ ನಿಮ್ಮ ಜ್ವಾಳದ ಚೀಲ ಪಡಸಾಲ್ಯಾಗ ನೋಡಿದೆ. ಅಷ್ಟ."

"ಈಗ ಹುನಗುಂದದಾಗ ಮನಿ ಸಿಕ್ಕೈತೇನ್ರಿ?" ಎಂದು ಅತ್ತೆ ಕೇಳಿದರು.

"ಇನ್ನೂ ಇಲ್ರಿ. ಇಲ್ಲಿ ಬಾಡಗಿ ಮನಿ ಬಿಟ್ಟಾತು, ಅಲ್ಲಿ ಹುಡುಕಬೇಕು."

ಅತ್ತೆಯ ಮುಖ ಗಂಭೀರವಾಯಿತು. ಮೇಡಂ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

"ಹುನಗುಂದ ಇಲ್ಲಿಂದ ಏನ್ ಭಾಳ ದೂರ ಇಲ್ಲ. ದಿನಾ ಬಸ್ ಅದಾವು. ಅಲ್ಲಿ ಸಿಗೂತನಕ ಹಿಂದಿನ ಖೋಲಿ ಖಾಲಿ ಐತಿ, ಬಂದು ಇರ್ರಿ. ಸರ್ಕಾರದ್ದ ಮನಿ, ಬಾಡಗಿ ಯಾರು ಕೇಳ್ತಾರ?"

ಮೇಡಂ ಜೋರಾಗಿ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ, ಅವರು ಖರೇನೇ ಹೇಳಿದ್ದರು. ಊಟ ಮುಗಿಸಿ ಕೈ ತೊಳೆದ ಮೇಲೆ ಮೇಡಂ ಆ ಖೋಲಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಕಿಟಕಿಯ ಗಾಳಿ ಚೆನ್ನಾಗಿದೆ ಎಂದರು. ಮುಂದಿನ ವಾರ ಎರಡು ಸೂಟ್‌ಕೇಸು ತಂದು ಇಟ್ಟರು.